ಡಾಂಟೆಯ ಪರಲೋಕದ ಎಲ್ಲೆಗಳು

(ಸಾಹಿತ್ಯ ಸಂಘವೊಂದರ ವಾರ್ಷಿಕ ಸಭೆಯಲ್ಲಿ ವಕೀಲರೊಬ್ಬರು ಮಾಡಿದ ಭಾಷಣ)



ಸಾಹಿತ್ಯದ ವೇದಿಕೆಯ ಮೇಲೆ ವಕೀಲನೊಬ್ಬನನ್ನು ತಂದು ನಿಲ್ಲಿಸಿದ ಸಾಹಸವು ಈ ಸಂಘದ ಚಾಲಕರದು. ಅದರ ಫಲವನ್ನು ಉಣ್ಣುವ ಪಾಳಿಯು ತಮ್ಮದು. ಕಸುಬಿನ ರೂಢಿಯು ಸುಲಭವಾಗಿ ಬಿಡುವದಿಲ್ಲ. ಆದುದರಿಂದ ಕಾವ್ಯದ ವಿಷಯವನ್ನು ನಾನು ಕಾವ್ಯದಿಂದ ಆರಂಭಿಸದೆ ಒಂದು ನ್ಯಾಯಾಲಯದ ತೀರ್ಪಿನಿಂದ ಆರಂಭಿಸುತ್ತೇನೆ.

1302ನೆಯ ಇಸವಿಯ ಜಾನೇವಾರಿ 27ರಂದು ಇಟಲಿಯ ಫ್ಲಾರೆನ್ಸ್ ನಗರದ ನ್ಯಾಯಾಧಿಕಾರಿಯು ಒಂದು ತೀರ್ಪನ್ನು ಕೊಟ್ಟನು. ಆರೋಪಿಗಳಲ್ಲಿ ಒಬ್ಬನ ಹೆಸರು ಡಾಂಟೆ ಅಲಿಗಿಯೇರಿ. ಅವನು ಎರಡು ವರ್ಷಗಳ ಹಿಂದೆ, 1300ರಲ್ಲಿ, ಅದೇ ನಗರದ ಆರು ಮಂದಿ ಆಡಳಿತಗಾರರಲ್ಲಿ ಒಬ್ಬನಾಗಿ ಎರಡು ತಿಂಗಳು ಅಧಿಕಾರ ನಡೆಸಿದವನು. ಆಪಾದನೆಯು ಅಧಿಕಾರದಲ್ಲಿದ್ದಾಗ ಹಣ ತಿಂದನೆಂಬುದು. ಶಿಕ್ಷೆಯು 5000 ಫ್ಲಾರಿನ್ ದಂಡ, ಎರಡು ವರ್ಷ ಗಡಿಪಾರು, ಮುಂದೆ ಎಂದೆಂದಿಗೂ ಅಧಿಕಾರ ನಿಷೇಧ. ಆರೋಪಿಯು ಊರಲ್ಲಿರಲಿಲ್ಲ, ವಿಚಾರಣೆಯು ಏಕಪಕ್ಷೀಯವಾಯಿತು. ಅವನು ದಂಡವನ್ನು ಕೊಡಲಿಲ್ಲ, ಹಾಜರಾಗಲೂ ಇಲ್ಲ. ಮಾರ್ಚ್ 10ರಂದು ಎರಡನೆಯ ತೀರ್ಪು ಬಂತು: ಈತನು ನಗರದ ಹದ್ದಿನೊಳಗೆ ಸಿಕ್ಕಿದ್ದಾದರೆ ಜೀವಸಹಿತ ಸುಡತಕ್ಕದ್ದು.

ಅಂದಿನಿಂದ 1321ರ ಸಪ್ಟೆಂಬರದಲ್ಲಿ ರಾವೆನ್ನಾ ನಗರದಲ್ಲಿ ಕಣ್ಣು ಮುಚ್ಚುವವರೆಗೆ ಡಾಂಟೆಯು ತನ್ನ ಊರನ್ನು ಮತ್ತೆ ಕಾಣಲಿಲ್ಲ. ಹುಟ್ಟಿದ ಊರಿನ ಗಡಿಯು ಅವನ ಪಾಲಿಗೆ ಬೆಂಕಿಯ ಗೆರೆಯಾಯಿತು. ಹೀಗೆ ಒಂದು ಗೆರೆಯ ಹೊರಗೆ ನಿಂತವನೇ ಮೂರು ಲೋಕಗಳ ಎಲ್ಲ ಗೆರೆಗಳನ್ನೂ ದಾಟುವ ಕಾವ್ಯವನ್ನು ಬರೆದನು. ಅದೇ ಈಗ ಜಗತ್ತು ‘ದಿವ್ಯ ಕೊಮೆದಿಯಾ’ ಎಂದು ಕರೆಯುವ ಗ್ರಂಥ. ‘ದಿವ್ಯ’ ಎಂಬ ವಿಶೇಷಣವನ್ನು ಕವಿಯು ಇಟ್ಟದ್ದಲ್ಲ. ಅದು 1555ರ ವೆನಿಸ್ ಮುದ್ರಣದ ಮುಖಪುಟದ ಮೇಲೆ ಬಂದದ್ದು. ನರಕ, ಶುದ್ಧಿಗಿರಿ, ಸ್ವರ್ಗ ಎಂಬ ಮೂರು ಭಾಗಗಳು, 100 ಸರ್ಗಗಳು, 14,233 ಸಾಲುಗಳು. ಕಥೆಯ ಕಾಲವು 1300ರ ವಸಂತ, ಕ್ರೈಸ್ತರ ಈಸ್ಟರ್ ವಾರ. ನಾಯಕನು 35 ವರ್ಷದ ಕವಿಯೇ.

ಈ ಕಾವ್ಯದ ಧರ್ಮಶಾಸ್ತ್ರವನ್ನೂ ಛಂದಸ್ಸನ್ನೂ ವಿವರಿಸುವ ಅಧಿಕಾರವು ನನಗಿಲ್ಲ. ನಾನು ಇಂದು ಕೇಳುವದು ನನ್ನ ಕಸುಬಿಗೆ ಹತ್ತಿರದ ಒಂದೇ ಪ್ರಶ್ನೆ: ಡಾಂಟೆಯ ಪರಲೋಕದಲ್ಲಿ ಎಲ್ಲೆಯೆಂದರೆ ಏನು? ಯಾರು ಅದನ್ನು ಹಾಕಿದರು? ಯಾರನ್ನು ಅದು ತಡೆಯುತ್ತದೆ? ಹೊಲದ ಬದುವಿನ ದಾವೆಗಳಲ್ಲಿ ಆಯುಷ್ಯದ ಅರ್ಧವನ್ನು ಕಳೆದ ನಮ್ಮಂಥವರಿಗೆ ಬಾಂದುಗಲ್ಲಿನ ಬೆಲೆಯು ಗೊತ್ತು. ಆ ಕಲ್ಲಿನ ಕೆಳಗೆ ಎಷ್ಟು ದ್ವೇಷವು ಹುಗಿದಿರುತ್ತದೆಂಬುದೂ ಗೊತ್ತು. ಆದುದರಿಂದಲೇ ಈ ಪ್ರಶ್ನೆಯು ನನ್ನನ್ನು ಬಹುಕಾಲ ಕಾಡಿದೆ.

ಮೊದಲು ನಕಾಶೆಯನ್ನು ಬಿಡಿಸೋಣ. ಯೆರುಸಲೇಮ್ ನಗರದ ಕೆಳಗೆ ನೆಲವು ಆಲಿಕೆಯ ಹಾಗೆ ಒಳಕ್ಕೆ ಇಳಿದಿದೆ. ಅದರಲ್ಲಿ ಒಂಬತ್ತು ಸುತ್ತುಗಳು. ತುದಿಯಲ್ಲಿ, ಭೂಮಿಯ ನಟ್ಟನಡುವೆ, ಲೂಸಿಫರನು. ಅಲ್ಲಿಂದ ಭೂಗೋಳದ ಆಚೆಯ ಬದಿಗೆ ಹೊರಟರೆ ಸಮುದ್ರದ ನಡುವೆ ಒಂದು ದ್ವೀಪ, ಅದರ ಮೇಲೆ ಏಳು ಮಜಲಿನ ಶುದ್ಧಿಗಿರಿ, ಅದರ ನೆತ್ತಿಯ ಮೇಲೆ ನಂದನವನ. ಅದರಾಚೆಗೆ ಒಂಬತ್ತು ಗಗನಗೋಲಗಳು. ಎಲ್ಲಕ್ಕೂ ಮೇಲೆ ಸ್ಥಳವೇ ಅಲ್ಲದ ಸ್ಥಳ, ದೇವರ ಬೆಳಕು. ಈ ನಕಾಶೆಯಲ್ಲಿ ನಮ್ಮ ದೇಶದ ಹೆಸರೂ ಇದೆಯೆಂಬುದನ್ನು ತಾವು ಕೇಳಿ ಸಂತೋಷಪಡಬಹುದು. ಜನವಸತಿಯ ಭೂಮಿಯ ಪೂರ್ವದ ಅಂಚು ಡಾಂಟೆಗೆ ಗಂಗಾನದಿ. ಪಶ್ಚಿಮದ ಅಂಚು ಸ್ಪೇನ್ ದೇಶದ ಕಾಡಿಜ್. ಶುದ್ಧಿಗಿರಿಯಲ್ಲಿ ಹೊತ್ತು ಹೇಳಬೇಕಾದಾಗ ಅವನು ಗಂಗೆಯ ಮೇಲೆ ಇರುಳು ಎಲ್ಲಿದೆಯೆಂದು ನೋಡುತ್ತಾನೆ.

ಈ ನಕಾಶೆಯು ಎಷ್ಟು ನಿಖರವಾಗಿ ತೋರಿತೆಂದರೆ, 1588ರಲ್ಲಿ ಫ್ಲಾರೆನ್ಸಿನ ವಿದ್ವತ್ಸಭೆಯ ಮುಂದೆ ಒಬ್ಬ ತರುಣ ಗಣಿತಜ್ಞನು ನರಕದ ಆಕಾರ, ಸ್ಥಾನ, ಅಳತೆಗಳನ್ನು ಕುರಿತು ಎರಡು ಉಪನ್ಯಾಸಗಳನ್ನು ಕೊಟ್ಟನು. ಆ ತರುಣನು ಗೆಲಿಲಿಯೊ. ನರಕಕ್ಕೂ ಮೋಜಣಿಯಾಯಿತು! ಆದರೆ ಮೋಜಣಿದಾರನು ಗೆರೆಯ ಉದ್ದವನ್ನು ಹೇಳಬಲ್ಲನು; ಗೆರೆಯ ಕಾರಣವನ್ನು ಹೇಳಲಾರನು. ಕಾರಣವನ್ನು ತಿಳಿಯಬೇಕಾದರೆ ನಾವು ಬಾಗಿಲಿಗೇ ಹೋಗಬೇಕು.

ನರಕದ ಹೆಬ್ಬಾಗಿಲನ್ನು ಎಲ್ಲರೂ ಬಲ್ಲರು. ಅದರ ಮೇಲಿನ ಭಯಂಕರ ಶಾಸನವನ್ನು ಕುರಿತು ಓದದವರೂ ಕೇಳಿರುತ್ತಾರೆ. ಆದರೆ ಆ ಬಾಗಿಲಿಗೆ ಅಗುಳಿಯಿಲ್ಲವೆಂಬುದನ್ನು ಎಷ್ಟು ಮಂದಿ ಗಮನಿಸಿದ್ದಾರೆ? ಕ್ರಿಸ್ತನು ಒಳಹೊಕ್ಕಾಗ ಮುರಿದ ಅಗುಳಿಯನ್ನು ಮತ್ತೆ ಯಾರೂ ಹಾಕಿಲ್ಲವೆಂದು ಮುಂದೆ ಎಂಟನೆಯ ಸರ್ಗದಲ್ಲಿ ತಿಳಿಯುತ್ತದೆ. ಹಾಗಾದರೆ ಪಾಪಿಗಳನ್ನು ಒಳಗೆ ಹಿಡಿದಿಟ್ಟದ್ದು ಏನು? ಇದಕ್ಕೆ ಉತ್ತರವು ಅಕೆರಾನ್ ನದಿಯ ದಂಡೆಯ ಮೇಲೆ ದೊರೆಯುತ್ತದೆ. ಅದು ನಮ್ಮ ವೈತರಣಿಯಂಥ ಹೊಳೆ. ಮುದಿ ಅಂಬಿಗನಾದ ಕೇರಾನನು ಪ್ರೇತಗಳನ್ನು ದಾಟಿಸುತ್ತಾನೆ. ಅವರು ಅಳುತ್ತಾರೆ, ಹೆತ್ತವರನ್ನು ಶಪಿಸುತ್ತಾರೆ, ಆದರೂ ಒಬ್ಬರ ಮೇಲೊಬ್ಬರು ಬಿದ್ದು ದೋಣಿಯೇರುತ್ತಾರೆ. ಡಾಂಟೆಯ ದಾರಿಗುರುವಾದ ವರ್ಜಿಲ್ ಕವಿಯು ಅದರ ಮರ್ಮವನ್ನು ಬಿಡಿಸುತ್ತಾನೆ: ದೈವನ್ಯಾಯದ ಅಂಕುಶದಿಂದ ಅವರ ಭಯವೇ ಬಯಕೆಯಾಗಿ ಮಾರ್ಪಟ್ಟಿದೆ. ಅವರಿಗೆ ಆಚೆಯ ದಂಡೆಯೇ ಬೇಕಾಗಿದೆ. ಬದುಕಿನಲ್ಲಿ ಯಾವುದನ್ನು ಹಿಡಿದರೋ ಅದನ್ನು ಬಿಡಲಾರದವರೇ ನರಕವಾಸಿಗಳು. ಅವರ ಎಲ್ಲೆಯು ಅವರ ಇಚ್ಛೆಯೇ.

ಈ ಹೊಳೆಯ ಈಚೆಗೆ ಇನ್ನೊಂದು ಜನಾಂಗವಿದೆ. ಅವರು ಜೀವಮಾನದಲ್ಲಿ ಯಾವ ಪಕ್ಷಕ್ಕೂ ನಿಲ್ಲದೆ, ಒಳ್ಳೆಯದನ್ನೂ ಮಾಡದೆ ಕೆಟ್ಟದ್ದನ್ನೂ ಮಾಡದೆ, ತಮ್ಮ ಮೈ ಕಾಯ್ದುಕೊಂಡವರು. ಸ್ವರ್ಗವು ಅವರನ್ನು ಹೊರದೂಡಿದೆ. ನರಕವೂ ಒಳಗೆ ಕರೆಯುವದಿಲ್ಲ. ಗಾಳಿಯಲ್ಲಿ ಸುತ್ತುವ ಒಂದು ಬಾವುಟದ ಬೆನ್ನು ಹತ್ತಿ, ಕಣಜಗಳ ಕಡಿತವನ್ನು ಉಣ್ಣುತ್ತ, ಅವರು ಎಂದೆಂದಿಗೂ ಓಡುತ್ತಿದ್ದಾರೆ. ಅವರಲ್ಲಿ ಒಬ್ಬನ ಹೆಸರನ್ನೂ ಕವಿಯು ಹೇಳುವದಿಲ್ಲ. ಬದುಕಿದ್ದಾಗ ಯಾವ ಬಾವುಟದ ಹಿಂದೆಯೂ ಹೋಗದವರಿಗೆ ಸತ್ತ ಮೇಲೆ ಗುರುತಿಲ್ಲದ ಬಾವುಟದ ಹಿಂದೆ ಓಟ! ಗಡಿಯ ನಡುವಣ ಪಾಳು ನೆಲವೇ ಅವರ ಶಾಶ್ವತವಾದ ಮನೆ. ಸಾರ್ವಜನಿಕ ಕಾರ್ಯದಲ್ಲಿ ಬೆವರಿಳಿಸಿದವರಿಗೆ ಈ ಚಿತ್ರದ ಅರ್ಥವನ್ನು ವಿವರಿಸಬೇಕಾಗಿಲ್ಲ.

ಕೆಳಗೆ ಇಳಿದಂತೆ ಎಲ್ಲೆಗಳು ಬಿರುಸಾಗುತ್ತವೆ. ಐದನೆಯ ಸುತ್ತಿನ ಕೆಸರುಹೊಳೆಯಾಚೆಗೆ ಡೀಸ್ ಎಂಬ ಪಟ್ಟಣ; ಅದರ ಗೋಡೆಗಳು ಕಬ್ಬಿಣದವು. ಸಾವಿರಕ್ಕೂ ಮಿಕ್ಕ ಪತಿತ ದೇವದೂತರು ವರ್ಜಿಲನ ಎದೆಯ ಮುಂದೆಯೇ ಕದವನ್ನು ಮುಚ್ಚುತ್ತಾರೆ. ಜ್ಞಾನಿಯಾದ ಗುರುವೇ ಬಾಗಿಲಲ್ಲಿ ಬೆಪ್ಪಾಗಿ ನಿಲ್ಲುತ್ತಾನೆ. ಆಗ ಮೇಲಿಂದ ಒಬ್ಬ ದೂತನು ಬಂದು, ಕೈಯಲ್ಲಿಯ ಸಣ್ಣ ಕೋಲಿನಿಂದ ಮುಟ್ಟಿದ್ದೇ ತಡ, ಕದವು ತೆರೆಯುತ್ತದೆ. ನ್ಯಾಯದ ಕೋಲು ಸಣ್ಣದಾದರೇನು? ಅನ್ಯಾಯದ ಅಗುಳಿಯು ದೊಡ್ಡದಾದರೇನು?

ಇಲ್ಲಿ ಕವಿಯ ಒಂದು ಗುಣವನ್ನು ಹೇಳದೆ ಮುಂದೆ ಸಾಗಲಾರೆ. ನರಕದ ಒಡ್ಡುಗಳನ್ನೂ ಕಣಿವೆಗಳನ್ನೂ ಅವನು ಗಾಳಿಯಲ್ಲಿ ಕಟ್ಟಲಿಲ್ಲ. ಗಡಿಪಾರಾಗಿ ಅಲೆದವನ ಕಣ್ಣಿನಿಂದ ಕಟ್ಟಿದನು. ಉರಿಯುವ ಮರಳಿನ ಅಂಚಿನ ಒಡ್ಡು ಎಂಥದು? ಸಮುದ್ರವನ್ನು ತಡೆಯಲು ಫ್ಲಾಂಡರ್ಸ್ ಜನರು ಬ್ರೂಜ್ ನಗರದ ಕಡೆಗೆ ಕಟ್ಟಿದಂಥದು; ಬ್ರೆಂಟಾ ನದಿಯ ಮಹಾಪೂರಕ್ಕೆ ಅಂಜಿ ಪಾದುವಾದವರು ಕಟ್ಟಿದಂಥದು. ಕುಸಿದ ಬಂಡೆಯ ಇಳಿಜಾರು ಎಂಥದು? ತ್ರೆಂತೊ ಬಳಿಯ ಆದಿಜೆ ನದಿಯ ದಂಡೆಯ ಕುಸಿತದಂಥದು. ಎರಡು ಸಾಲಾಗಿ ಎದುರುಬದುರು ನಡೆಯುವ ಪಾಪಿಗಳು ಎಂಥವರು? 1300ರ ಮಹೋತ್ಸವಕ್ಕೆ ರೋಮಿಗೆ ಬಂದ ಯಾತ್ರಿಕರು ಸಂತ ಆಂಜೆಲೊ ಸೇತುವೆಯ ಮೇಲೆ ಹೋಗುವವರೊಂದು ಬದಿ, ಬರುವವರೊಂದು ಬದಿ ನಡೆದಂತೆ. ಹಣ ತಿಂದ ಅಧಿಕಾರಿಗಳು ಬೇಯುವ ಡಾಂಬರಿನ ಕಣಿವೆಯು ಎಂಥದು? ವೆನಿಸಿನ ಹಡಗು ಕಾರಖಾನೆಯಲ್ಲಿ ಚಳಿಗಾಲಕ್ಕೆ ಕುದಿಯುವ ಡಾಂಬರಿನಂಥದು. ಕವಿಯ ಮೇಲೆ ಹೊರಿಸಿದ ಅಪರಾಧವೂ ಅದೇ ಆಗಿತ್ತು! ಆ ಕಣಿವೆಯ ಪಿಶಾಚಿಗಳು ಅವನ ಬೆನ್ನಟ್ಟುತ್ತವೆ. ಆದರೆ ಎಲ್ಲೆಯ ಆಚೆಗೆ ಜಾರಿದವನನ್ನು ಹಿಡಿಯಲಾರದೆ ಹೋಗುತ್ತವೆ. ಮೇಲ್ಮನವಿಗೆ ಅವಕಾಶವಿಲ್ಲದವನು ಕಾವ್ಯದಲ್ಲಿ ಮೇಲ್ಮನವಿಯನ್ನು ಸಲ್ಲಿಸಿದನು.

ಎಲ್ಲಕ್ಕೂ ಕೆಳಗಿನ ಸುತ್ತಿನಲ್ಲಿ ಬೆಂಕಿಯಿಲ್ಲ, ಹೆಪ್ಪುಗಟ್ಟಿದ ಸರೋವರವಿದೆ. ಅಲ್ಲಿರುವವರು ದ್ರೋಹಿಗಳು. ಬಂಧುದ್ರೋಹ, ದೇಶದ್ರೋಹ, ಅತಿಥಿದ್ರೋಹ, ಸ್ವಾಮಿದ್ರೋಹ ಎಂದು ನಾಲ್ಕು ಪಾಲು. ದೇಶದ್ರೋಹಿಗಳ ಪಾಲಿನಲ್ಲಿ ಬೊಕ್ಕಾ ಎಂಬವನ ತಲೆಯು ಕವಿಯ ಕಾಲಿಗೆ ಎಡವುತ್ತದೆ. 1260ರ ಮೊಂತಾಪೆರ್ತಿ ಯುದ್ಧದಲ್ಲಿ ತನ್ನವರದೇ ನಿಶಾನೆ ಹಿಡಿದವನ ಕೈಯನ್ನು ಕಡಿದು ಸೋಲಿಗೆ ಕಾರಣನಾದವನೆಂದು ಅವನ ಅಪಕೀರ್ತಿ. ಹೆಸರು ಹೇಳೆಂದು ಕೇಳಿದರೆ ಹೇಳನು. ಮೇಲಿನ ಸುತ್ತುಗಳಲ್ಲಿ ಪಾಪಿಗಳಿಗೆ ಲೋಕದಲ್ಲಿ ತಮ್ಮ ನೆನಪು ಉಳಿಯಲೆಂಬ ಆಸೆಯಾದರೂ ಇದ್ದಿತು; ಇಲ್ಲಿ ಮರೆವೊಂದೇ ಬೇಕು. ಕಣ್ಣೀರು ಸಹ ಹೆಪ್ಪುಗಟ್ಟಿ ಕಣ್ಣನ್ನು ಮುಚ್ಚುವ ಸ್ಥಳವಿದು. ಲೂಸಿಫರನು ತನ್ನ ರೆಕ್ಕೆಗಳನ್ನು ಬಡಿಯುತ್ತಾನೆ. ಆ ಗಾಳಿಯೇ ನೀರನ್ನು ಹೆಪ್ಪುಗಟ್ಟಿಸುತ್ತದೆ. ಆ ಹೆಪ್ಪೇ ಅವನನ್ನು ಹಿಡಿದಿದೆ. ತಾನೇ ಬೀಸಿದ ಗಾಳಿಗೆ ತಾನೇ ಕೈದಿ!

ಬಂಧುಗಳೇ, ನರಕವನ್ನು ಬಿಡುವ ಮೊದಲು ಒಬ್ಬ ಗಡಿದಾಟಿದವನನ್ನು ಕಾಣಬೇಕು. ಗ್ರೀಕ್ ವೀರನಾದ ಯುಲಿಸೀಸನು ಮುಪ್ಪಿನಲ್ಲಿ ತನ್ನ ಕೆಲವೇ ಸಂಗಾತಿಗಳೊಡನೆ ಜಿಬ್ರಾಲ್ಟರಿನ ಇಕ್ಕಟ್ಟನ್ನು ದಾಟಿದನೆಂದು ಡಾಂಟೆಯು ಕಲ್ಪಿಸಿದ್ದಾನೆ. ಮನುಷ್ಯನು ಇದರಾಚೆಗೆ ಹೋಗಬಾರದೆಂದು ಹರ್ಕ್ಯುಲಿಸನು ಕಂಬಗಳನ್ನು ನಿಲ್ಲಿಸಿದ ಸ್ಥಳವದು. ಜ್ಞಾನದ ಹಸಿವು ಅವನನ್ನು ಕರೆದೊಯ್ಯಿತು. ಐದು ತಿಂಗಳ ಮೇಲೆ ದೂರದಲ್ಲಿ ಕಪ್ಪಗೆ ಒಂದು ಮಹಾಪರ್ವತವು ಕಂಡಿತು. ಅಲ್ಲಿಂದೆದ್ದ ಸುಂಟರಗಾಳಿಯು ಹಡಗನ್ನು ಮುಳುಗಿಸಿತು. ಆ ಪರ್ವತವೇ ಶುದ್ಧಿಗಿರಿ. ಅದೇ ತೀರಕ್ಕೆ ಮುಂದೆ ಡಾಂಟೆಯು ಕಾಲಿಡುತ್ತಾನೆ. ಒಬ್ಬನಿಗೆ ಸಾವಾದ ಎಲ್ಲೆಯು ಇನ್ನೊಬ್ಬನಿಗೆ ಹೇಗೆ ದಾರಿಯಾಯಿತು? ಯುಲಿಸೀಸನು ಮುದಿ ತಂದೆಯನ್ನೂ ಮಗನನ್ನೂ ಹೆಂಡತಿಯನ್ನೂ ಹಿಂದೆ ಬಿಟ್ಟು, ತನ್ನ ಮಾತಿನ ಬಲದಿಂದ ಸಂಗಾತಿಗಳನ್ನು ಹುರಿದುಂಬಿಸಿ ಹೊರಟನು. ಡಾಂಟೆಯು ತನ್ನ ಅಜ್ಞಾನವನ್ನು ಒಪ್ಪಿಕೊಂಡು, ಗುರುವಿನ ಕೈಹಿಡಿದು, ನರಕದ ತಳವನ್ನೇ ಕಂಡು ಬಂದನು. ಆದರೂ ಕವಿಯ ಮನಸ್ಸಿನಲ್ಲಿ ಆ ವೀರನ ಬಗ್ಗೆ ಎಷ್ಟೊಂದು ಮರುಕ! ದಾಟಬೇಕೆಂಬ ಆಸೆಯನ್ನು ಅವನು ಹಳಿಯಲಿಲ್ಲ. ದಾಟುವ ಬಗೆಯನ್ನು ವಿಚಾರಿಸಿದನು.

ಶುದ್ಧಿಗಿರಿಯಲ್ಲಿ ಎಲ್ಲೆಗಳ ಸ್ವಭಾವವೇ ಬದಲಾಗುತ್ತದೆ. ತೀರದ ಕಾವಲುಗಾರನೇ ಆಶ್ಚರ್ಯದ ವ್ಯಕ್ತಿ. ಅವನು ರೋಮಿನ ಕೇಟೋ, ಕ್ರೈಸ್ತನಲ್ಲ, ಸೀಜರನ ಆಳಿಕೆಗೆ ತಲೆಬಾಗಲಾರದೆ ಕ್ರಿಸ್ತಪೂರ್ವ 46ರಲ್ಲಿ ತನ್ನ ಕೈಯಿಂದಲೇ ಸತ್ತವನು. ಆತ್ಮಹತ್ಯೆ ಮಾಡಿಕೊಂಡವರಿಗೆ ನರಕದಲ್ಲಿ ಮುಳ್ಳುಮರದ ಜನ್ಮವನ್ನು ವಿಧಿಸಿದ ಕವಿಯೇ ಕೇಟೋವನ್ನು ಮೋಕ್ಷದ ಬಾಗಿಲಿನಲ್ಲಿ ನಿಲ್ಲಿಸಿದನು, ಸ್ವಾತಂತ್ರ್ಯಕ್ಕಾಗಿ ಪ್ರಾಣವನ್ನು ಕೊಟ್ಟನೆಂಬ ಒಂದೇ ಕಾರಣದಿಂದ. ತನ್ನ ಶಾಸ್ತ್ರದ ಗೆರೆಯನ್ನು ಕವಿಯು ಇಲ್ಲಿ ತಾನೇ ದಾಟಿದನು.

ಬೆಟ್ಟದ ಬುಡದಲ್ಲಿ ಮಾನ್‌ಫ್ರೆದ ರಾಜನ ಭೆಟ್ಟಿಯಾಗುತ್ತದೆ. 1266ರಲ್ಲಿ ಬೆನೆವೆಂತೊ ಯುದ್ಧದಲ್ಲಿ ಸತ್ತವನಿವನು, ಧರ್ಮಬಹಿಷ್ಕೃತನು. ಸೇತುವೆಯ ಬಳಿ ಕಲ್ಲುಗುಡ್ಡೆಯ ಕೆಳಗೆ ಹುಗಿದಿದ್ದ ಅವನ ಎಲುಬುಗಳನ್ನು ಬಿಷಪನೊಬ್ಬನು ತೆಗೆಯಿಸಿ, ರಾಜ್ಯದ ಗಡಿಯಾಚೆಗೆ ಒಂದು ನದಿಯ ಬಳಿ ಎಸೆಯಿಸಿದನಂತೆ. ಸತ್ತ ಎಲುಬಿಗೂ ಗಡಿಪಾರು! ಆದರೆ ಕೊನೆಯುಸಿರಿನಲ್ಲಿ ದೇವರನ್ನು ನೆನೆದ ಆ ರಾಜನು ಕವಿಯ ಲೋಕದಲ್ಲಿ ಪಾರಾದನು. ಮನುಷ್ಯರು ಹಾಕಿದ ಬಹಿಷ್ಕಾರದ ಗೆರೆಯನ್ನು ದೇವರ ಕರುಣೆಯು ಮನ್ನಿಸುವದಿಲ್ಲವೆಂದು ಹೇಳಲು 14ನೆಯ ಶತಮಾನದಲ್ಲಿ ಎಷ್ಟು ಎದೆಗಾರಿಕೆ ಬೇಕಾಗಿತ್ತೆಂಬುದನ್ನು ತಾವೇ ಊಹಿಸಿರಿ.

ಈ ಬೆಟ್ಟದಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದ ಎಲ್ಲೆಯು ಗೋಡೆಯಲ್ಲ, ಹೊಳೆಯೂ ಅಲ್ಲ. ಸಂಜೆಯಾಗುತ್ತಿದೆ. ಮೇಲೆ ಹತ್ತಬಹುದೇ ಎಂದು ವರ್ಜಿಲನು ಕೇಳುತ್ತಾನೆ. ಸೊರ್ದೆಲ್ಲೊ ಎಂಬ ಕವಿಯು ನೆಲದ ಮೇಲೆ ಬೆರಳಿನಿಂದ ಒಂದು ಗೆರೆಯನ್ನು ಎಳೆಯುತ್ತಾನೆ: ಹೊತ್ತು ಮುಳುಗಿದ ಮೇಲೆ ಈ ಗೆರೆಯನ್ನು ಸಹ ದಾಟಲಾಗದು. ತಡೆಯುವವರು ಯಾರೂ ಇಲ್ಲ. ಕತ್ತಲೆಯೇ ಸಂಕಲ್ಪವನ್ನು ಕುಂಠಿತಗೊಳಿಸುತ್ತದೆ. ಕೆಳಗೆ ಇಳಿಯಲು ಅಡ್ಡಿಯಿಲ್ಲ. ಏರಲು ಮಾತ್ರ ಬೆಳಕು ಬೇಕು. ಧೂಳಿಯ ಮೇಲಿನ ಬೆರಳಗೆರೆಯು ಡೀಸ್ ಪಟ್ಟಣದ ಕಬ್ಬಿಣದ ಗೋಡೆಗಿಂತ ಗಟ್ಟಿಯಾಯಿತು! ಎಲ್ಲೆಯು ನೆಲದಲ್ಲಿಲ್ಲ, ನಮ್ಮೊಳಗಿದೆಯೆಂಬುದನ್ನು ಇದಕ್ಕಿಂತ ಸರಳವಾಗಿ ಹೇಳಲು ಸಾಧ್ಯವೇ?

ಮರುದಿನ ಗಿರಿಯ ನಿಜವಾದ ಬಾಗಿಲು. ಮೂರು ಮೆಟ್ಟಿಲುಗಳು: ಮೊದಲಿನದು ಮುಖ ಕಾಣುವಷ್ಟು ನುಣುಪಾದ ಬಿಳಿಯ ಅಮೃತಶಿಲೆ, ಎರಡನೆಯದು ಉದ್ದಗಲಕ್ಕೆ ಬಿರಿದ, ಸುಟ್ಟು ಕರಿದಾದ ಒರಟುಕಲ್ಲು, ಮೂರನೆಯದು ರಕ್ತದಂತೆ ಕೆಂಪು. ತನ್ನನ್ನು ತಾನು ಕಾಣುವದು, ಎದೆ ಬಿರಿಯುವದು, ಪ್ರೇಮದಿಂದ ಪ್ರಾಯಶ್ಚಿತ್ತಕ್ಕೆ ನಿಲ್ಲುವದು ಎಂದು ಇವುಗಳನ್ನು ಅರ್ಥೈಸುವದು ವಾಡಿಕೆ. ವಜ್ರದ ಹೊಸ್ತಿಲಿನ ಮೇಲೆ ಕುಳಿತ ದೇವದೂತನು ಕವಿಯ ಹಣೆಯ ಮೇಲೆ ಖಡ್ಗದ ಮೊನೆಯಿಂದ ಪಾಪವನ್ನು ಸೂಚಿಸುವ ಅಕ್ಷರವನ್ನು ಏಳು ಸಲ ಬರೆಯುತ್ತಾನೆ. ಒಂದೊಂದು ಮಜಲು ಮುಗಿದಂತೆ ಒಂದೊಂದು ಅಕ್ಷರವು ಅಳಿಯುತ್ತದೆ. ಒಂದೇ ನಿಯಮ: ಒಳಗೆ ಹೋಗಿ ಹಿಂದಿರುಗಿ ನೋಡಿದವನು ಹೊರಗೆ ಬೀಳುವನು.

ಒಂದು ಮಜಲಿನಿಂದ ಇನ್ನೊಂದಕ್ಕೆ ಏರುವ ಹೊತ್ತು ಬಂತೆಂದು ನಿರ್ಣಯಿಸುವವರು ಯಾರು? ಅಲ್ಲಿ ನ್ಯಾಯಾಧೀಶನಿಲ್ಲ, ಜೈಲರನಿಲ್ಲ. ಸ್ತಾತಿಯುಸ್ ಎಂಬ ರೋಮನ್ ಕವಿಯು ಇದರ ಗುಟ್ಟನ್ನು ಹೇಳುತ್ತಾನೆ: ಜೀವವು ತಾನು ಶುದ್ಧನಾದೆನೆಂದು ತಾನೇ ಅರಿತ ಕ್ಷಣದಲ್ಲಿ ಎದ್ದು ನಿಲ್ಲುತ್ತದೆ, ಆಗ ಇಡೀ ಪರ್ವತವು ನಡುಗಿ ಜಯಘೋಷ ಮಾಡುತ್ತದೆ. ಬಿಡುಗಡೆಯ ಆಜ್ಞೆಯನ್ನು ಕೈದಿಯೇ ಬರೆಯುವ ಸೆರೆಮನೆಯದು! ನರಕದಲ್ಲಿ ಇಚ್ಛೆಯೇ ಬೇಡಿಯಾಗಿತ್ತು. ಇಲ್ಲಿ ಇಚ್ಛೆಯೇ ಬೀಗದ ಕೈ.

ಕೊನೆಯ ಮಜಲಿನಲ್ಲಿ ಬೆಂಕಿಯ ಗೋಡೆ. ಡಾಂಟೆಯು ತಾನು ಕಂಡಿದ್ದ ಸುಟ್ಟ ಮೈಗಳನ್ನು ನೆನೆದು ಹೆಣದಂತೆ ಬಿಳಿಚಿ ನಿಲ್ಲುತ್ತಾನೆ. ಊರು ಅವನಿಗೆ ವಿಧಿಸಿದ ಶಿಕ್ಷೆಯೂ ಬೆಂಕಿಯೇ ಅಲ್ಲವೇ? ವರ್ಜಿಲನ ತರ್ಕವೆಲ್ಲ ಸೋಲುತ್ತದೆ. ಕಡೆಗೆ, ನಿನಗೂ ಬಿಯಾತ್ರಿಚೆಗೂ ನಡುವೆ ಇರುವದು ಈ ಗೋಡೆಯೊಂದೇ ಎಂದಾಗ ಕವಿಯು ಉರಿಯನ್ನು ಹೊಗುತ್ತಾನೆ. ಬಾಲ್ಯದಿಂದ ಆರಾಧಿಸಿದ, 1290ರಲ್ಲಿ ಮಡಿದ ಆ ಹೆಣ್ಣಿನ ಹೆಸರು ಬೆಂಕಿಯ ಎಲ್ಲೆಯನ್ನು ದಾಟಿಸಿತು.

ಆದರೆ ಅವಳು ಎದುರಿಗೆ ಬಂದ ಕ್ಷಣದಲ್ಲಿ ಕವಿಯು ನಡುಗುತ್ತ ಎಡಕ್ಕೆ ತಿರುಗಿದರೆ ವರ್ಜಿಲನು ಇಲ್ಲ. ಅವನು ಕ್ರಿಸ್ತನಿಗಿಂತ ಮೊದಲು ಹುಟ್ಟಿದವನು. ಅವನ ಸ್ಥಾನವು ನರಕದ ಮೊದಲನೆಯ ಸುತ್ತಿನಲ್ಲಿ, ಏಳು ಗೋಡೆಗಳ ಕೋಟೆಯ ಹಸುರು ಹುಲ್ಲಿನ ಮೇಲೆ, ಹೋಮರ ಮೊದಲಾದ ಪುಣ್ಯಶ್ಲೋಕರೊಡನೆ. ಅಲ್ಲಿ ಹಿಂಸೆಯಿಲ್ಲ; ಆಸೆಯೂ ಇಲ್ಲ. ದಾರಿಯನ್ನೆಲ್ಲ ತೋರಿದವನು ಗುರಿಯನ್ನು ಮುಟ್ಟಲಾರನು. ಕವಿಯು ಅತ್ತುಬಿಡುತ್ತಾನೆ.

ಇಲ್ಲಿಯೇ ನನ್ನ ಮೊದಲಿನ ಪ್ರಶ್ನೆಯು ತೀಕ್ಷ್ಣವಾಗುತ್ತದೆ. ಇಚ್ಛೆಯಿಂದ ಆದ ಎಲ್ಲೆಯು ನ್ಯಾಯವೆಂದು ಒಪ್ಪಬಹುದು. ಹುಟ್ಟಿನಿಂದ ಆದ ಎಲ್ಲೆಗೆ ಏನೆನ್ನೋಣ? ಈ ಸಂಶಯವನ್ನು ಕವಿಯು ಮುಚ್ಚಿಡಲಿಲ್ಲ. ಸ್ವರ್ಗದ ಹತ್ತೊಂಬತ್ತನೆಯ ಸರ್ಗದಲ್ಲಿ, ಗುರುಗ್ರಹದ ಗೋಲದಲ್ಲಿ, ನ್ಯಾಯವಂತ ಅರಸರ ಜ್ಯೋತಿಗಳು ಕೂಡಿ ಗರುಡನಾಕಾರವನ್ನು ತಳೆದಾಗ ಆ ಸಂಶಯವು ಬಾಯಿಗೆ ಬರುತ್ತದೆ. ಅದಕ್ಕೆ ಅವನು ಆರಿಸಿಕೊಂಡ ದೃಷ್ಟಾಂತವು ಯಾವುದು ಗೊತ್ತೇ? ಸಿಂಧೂ ನದಿಯ ದಂಡೆಯ ಮೇಲೆ ಹುಟ್ಟಿದ ಒಬ್ಬ ಮನುಷ್ಯ! ಅವನಿಗೆ ಕ್ರಿಸ್ತನ ಸುದ್ದಿಯನ್ನು ಹೇಳುವವರಿಲ್ಲ, ಓದುವವರಿಲ್ಲ, ಬರೆಯುವವರಿಲ್ಲ. ಅವನ ನಡೆಯೂ ಬಯಕೆಯೂ ನಿರ್ದೋಷ. ಅವನು ಸತ್ತರೆ ಅವನನ್ನು ದಂಡಿಸುವ ನ್ಯಾಯವು ಯಾವುದು? ನಮ್ಮ ಪೂರ್ವಿಕರ ಪರವಾಗಿ ಆ ದೂರದೇಶದ ಕವಿಯು 700 ವರ್ಷಗಳ ಹಿಂದೆ ದೇವರ ಸಭೆಯಲ್ಲಿ ಎದ್ದು ನಿಂತನು.

ಗರುಡನು ಕೊಟ್ಟ ಉತ್ತರವು ವಕೀಲನಿಗೆ ತೃಪ್ತಿಕರವಲ್ಲ. ಗೇಣುದ್ದ ನೋಡುವ ಕಣ್ಣಿನಿಂದ ಸಾವಿರ ಹರದಾರಿಯ ದೂರವನ್ನು ಅಳೆಯಹೊರಟ ನೀನು ಯಾರೆಂದು ಮೊದಲು ಗದರಿಸುತ್ತಾನೆ. ಅನಂತರ ಅವನೇ ಹೇಳುತ್ತಾನೆ: ಬಾಯಲ್ಲಿ ಕ್ರಿಸ್ತನ ಹೆಸರನ್ನು ಕೂಗುವ ಎಷ್ಟೋ ಜನರು ಕೊನೆಯ ದಿನ ಅವನನ್ನು ಅರಿಯದವನಿಗಿಂತಲೂ ಅವನಿಂದ ದೂರವಿರುವರು. ಮುಂದಿನ ಸರ್ಗದಲ್ಲಿ ಗರುಡನ ಹುಬ್ಬಿನೊಳಗೆ ಎರಡು ಬೆರಗಿನ ಜ್ಯೋತಿಗಳು: ಟ್ರೇಜನ್ ಚಕ್ರವರ್ತಿ, ಮತ್ತು ಕ್ರಿಸ್ತನಿಗಿಂತ ಸಾವಿರ ವರ್ಷಕ್ಕೂ ಹಿಂದಿನ ಟ್ರಾಯ್ ಪಟ್ಟಣದ ರಿಫೆಯುಸ್. ವರ್ಜಿಲನ ಕಾವ್ಯದಲ್ಲಿ ಒಂದೆರಡು ಸಾಲುಗಳಲ್ಲಿ ಬಂದು ಹೋಗುವ, ನ್ಯಾಯಪ್ರಿಯನೆಂಬುದೊಂದೇ ಬಿರುದಿನ ಮನುಷ್ಯನನ್ನು ಡಾಂಟೆಯು ಸ್ವರ್ಗಕ್ಕೆ ತಂದನು. ತನ್ನ ಗುರುವಿಗೆ ತೆರೆಯಲಾರದ ಕದವನ್ನು ಗುರುವಿನ ಕಾವ್ಯದ ಪಾತ್ರಕ್ಕೆ ತೆರೆದನು. ಗೋಡೆಯು ಬಿದ್ದಿಲ್ಲ, ನಿಜ. ಆದರೆ ಅದರಲ್ಲೊಂದು ಬಿರುಕು ಬಿಟ್ಟಿತು.

ಸ್ವರ್ಗದಲ್ಲಿ ಇನ್ನುಳಿದ ಗೆರೆಗಳು ತೋರಿಕೆಯವು. ಎಲ್ಲಕ್ಕೂ ಕೆಳಗಿನ ಚಂದ್ರಗೋಲದಲ್ಲಿ ಕಂಡ ಪಿಕ್ಕಾರ್ದಾ ಎಂಬ ಸಾಧ್ವಿಯನ್ನು, ಮೇಲಿನ ಸ್ಥಾನವು ನಿಮಗೆ ಬೇಡವೇ ಎಂದು ಕೇಳಿದರೆ ಅವಳು ನಗುತ್ತಾಳೆ. ಎಲ್ಲ ಜೀವಗಳೂ ಇರುವದು ಒಂದೇ ಬೆಳಕಿನಲ್ಲಿ. ಗೋಲಗೋಲಗಳಲ್ಲಿ ಅವರು ಕಾಣಿಸಿಕೊಂಡದ್ದು ಕವಿಯ ತಿಳಿವಳಿಕೆಗಾಗಿ ಮಾತ್ರ. ಹಾಗೆಂದು ಕವಿಯು ನೆಲದ ಗಡಿಗಳ ಮೋಹವನ್ನು ಪೂರ್ತಿ ಬಿಟ್ಟನೆಂದು ನಾನು ಹೇಳಲಾರೆ. ಅವನ ಮುತ್ತಜ್ಜನ ತಂದೆಯಾದ ಕಾಚ್ಚಾಗ್ವಿದಾನು ಮಂಗಳ ಗ್ರಹದಲ್ಲಿ, ಫ್ಲಾರೆನ್ಸಿನ ಎಲ್ಲೆಯು ಹಿಂದಿನಂತೆ ಗಾಲುತ್ಸೊ, ತ್ರೆಸ್ಪಿಯಾನೊ ಹಳ್ಳಿಗಳಲ್ಲಿಯೇ ನಿಂತಿದ್ದರೆ, ಹೊರಗಿನವರು ಬಂದು ಬೆರೆಯದಿದ್ದರೆ, ಎಷ್ಟು ಚೆನ್ನಾಗಿತ್ತೆಂದು ಹಲುಬುತ್ತಾನೆ. ದೊಡ್ಡ ಕವಿಗೂ ಊರಿನ ಸಣ್ಣತನವು ಅಂಟಿಕೊಂಡಿರುತ್ತದೆ. ಆದರೆ ಅದೇ ಕವಿಯು ಮತ್ತೂ ಮೇಲೇರಿ ಕೆಳಗೆ ನೋಡಿದಾಗ ಈ ಭೂಮಂಡಲವೆಲ್ಲ ಒಂದು ಪುಟ್ಟ ಕಣದಷ್ಟು ಕಂಡಿತು. ಈ ಕಣಕ್ಕಾಗಿಯೇ ಮನುಷ್ಯರು ಹೀಗೆ ಕ್ರೂರರಾಗುವರೇ ಎಂದು ಅವನು ಮುಗುಳುನಕ್ಕನು.

ಮಹಾಶಯರೇ, ಕಾವ್ಯದ ಗಡಿಗಳು ಲೋಕದ ಗಡಿಗಳಾದ ಕಥೆಯನ್ನು ಹೇಳಿ ಮುಗಿಸುತ್ತೇನೆ. ಡಾಂಟೆಯ ಕಾಲದಲ್ಲಿ ಇಟಲಿಯೆಂಬ ರಾಜ್ಯವಿರಲಿಲ್ಲ. ಹೌದೆನ್ನಲು ‘ಸಿ’ ಎನ್ನುವ ಜನರ ನಾಡಿತ್ತು. ಅವನು ಲ್ಯಾಟಿನ್ ಬಿಟ್ಟು ಆ ಜನರ ನುಡಿಯಲ್ಲಿಯೇ ಬರೆದನು. ಶುದ್ಧಿಗಿರಿಯಲ್ಲಿ ಸೊರ್ದೆಲ್ಲೊ ಕವಿಯು ವರ್ಜಿಲನ ಬಾಯಿಂದ ‘ಮಾಂತುವಾ’ ಎಂಬ ಊರ ಹೆಸರು ಬಿದ್ದೊಡನೆ, ಅವನು ಯಾರೆಂದು ಸಹ ಕೇಳದೆ, ಎದ್ದು ಅಪ್ಪಿಕೊಂಡನು. ನಡುವೆ 1300 ವರ್ಷಗಳ ಅಂತರವಿದ್ದರೂ ಅವರು ಒಂದೇ ಊರಿನವರು. ಒಂದೇ ಕೋಟೆಯೊಳಗಿನ ಜನರು ಒಬ್ಬರನ್ನೊಬ್ಬರು ಕಚ್ಚುತ್ತಿರುವ ತನ್ನ ನಾಡನ್ನು ನೆನೆದು ಕವಿಯು ಅಲ್ಲಿ ಆಕ್ರೋಶ ಮಾಡುತ್ತಾನೆ. ಐದು ಶತಮಾನಗಳ ಮೇಲೆ ಮಾಜ್ಜಿನಿ ಮೊದಲಾದ ದೇಶಭಕ್ತರು ಆ ಆಕ್ರೋಶದಿಂದ ಸ್ಫೂರ್ತಿ ಪಡೆದರು. 1861ರಲ್ಲಿ ಇಟಲಿಯ ರಾಜ್ಯವು ಸ್ಥಾಪಿತವಾಯಿತು. ಇದು ಉಜ್ಜ್ವಲವಾದ ಭಾಗ.

ಇನ್ನೊಂದು ಭಾಗವೂ ಇದೆ. ನರಕದ ಒಂಬತ್ತನೆಯ ಸರ್ಗದಲ್ಲಿ ಗೋರಿಗಳ ಸಾಲನ್ನು ವರ್ಣಿಸುವಾಗ ಕವಿಯು ಪೋಲಾ ಪಟ್ಟಣದ ಗೋರಿಗಳನ್ನು ಉಪಮೆಗೆ ತಂದು, ಅಲ್ಲಿಯ ಕಡಲು ಇಟಲಿಯ ಎಲ್ಲೆಯನ್ನು ತೊಳೆಯುತ್ತದೆಂಬ ಅರ್ಥದ ಒಂದು ಮಾತನ್ನು ಹಾಕಿದನು. ಕವಿಯ ಮಾತಿನಿಂದ ನಾಡಿನ ಎಲ್ಲೆಯನ್ನು ತಿಳಿಯುವದು ನಮಗೂ ಹೊಸದಲ್ಲ; ಕವಿರಾಜಮಾರ್ಗವನ್ನು ಬಲ್ಲ ಕನ್ನಡಿಗರಿಗೆ ಅದರ ಹೆಮ್ಮೆಯು ಗೊತ್ತು. ಆದರೆ ಇಟಲಿಯ ಅತ್ಯುತ್ಸಾಹಿಗಳು ಗೋರಿಯ ಉಪಮೆಯನ್ನು ಬಾಂದುಗಲ್ಲನ್ನಾಗಿ ನೆಟ್ಟರು. 1920ರ ಒಪ್ಪಂದದಿಂದ ಪೋಲಾ ಸಹಿತ ಇಸ್ತ್ರಿಯಾ ಪ್ರಾಂತವು ಇಟಲಿಗೆ ಬಂತು. ಅಲ್ಲಿಯ ಕ್ರೊಯಾಟರ, ಸ್ಲೊವೀನರ ಮಕ್ಕಳಿಗೆ ಶಾಲೆಗಳಲ್ಲಿ ತಾಯ್ನುಡಿಯು ಇಲ್ಲದಂತಾಯಿತು. 1947ರ ಒಪ್ಪಂದದಿಂದ ಅದೇ ಪ್ರಾಂತವು ಯುಗೊಸ್ಲಾವಿಯಕ್ಕೆ ಹೋಯಿತು. ಆಗ ಪೋಲಾದ ಬಹುಪಾಲು ಇಟಾಲಿಯನ್ನರು ಮನೆಮಾರು ಬಿಟ್ಟು ಹೊರಟರು. ಇಂದು ಆ ಊರು ಕ್ರೊಯೇಷಿಯದಲ್ಲಿದೆ. ಗಡಿಪಾರಾದ ಕವಿಯ ಒಂದು ಸಾಲನ್ನು ಹಿಡಿದು ಎಳೆದ ಗಡಿಯು ಎರಡೂ ಕಡೆಯವರನ್ನು ಸರದಿಯಂತೆ ಪರದೇಶಿಗಳನ್ನಾಗಿ ಮಾಡಿತು.

ತನ್ನ ಜನರ ನುಡಿಯು ಒಂದಾಗಿ ಬಾಳಬೇಕೆಂಬುದು ಅಪ್ಪುಗೆ, ಅದು ಸೊರ್ದೆಲ್ಲೊವಿನದು. ನೆರೆಯವನ ನುಡಿಯನ್ನು ಅಡಗಿಸುವದು ಕಬ್ಬಿಣದ ಗೋಡೆ. ಅದು ಡೀಸ್ ಪಟ್ಟಣದ್ದು. ನಾಡನ್ನು ಪ್ರೀತಿಸುವವನು ಎರಡರ ಭೇದವನ್ನು ಅರಿತಿರಬೇಕು. ಯಾವುದೇ ಗೆರೆಯ ಮುಂದೆ ನಿಂತಾಗ ಡಾಂಟೆಯು ಕೇಳಿದ ಪ್ರಶ್ನೆಯನ್ನು ನಾವೂ ಕೇಳಬೇಕು: ಇದರಾಚೆಗೆ ಸಿಂಧೂತೀರದ ಆ ನಿರ್ದೋಷಿಯು ನಿಂತಿಲ್ಲವಷ್ಟೆ?

1315ರಲ್ಲಿ ಫ್ಲಾರೆನ್ಸಿನವರು ಗಡಿಪಾರಾದವರಿಗೆ ಕ್ಷಮೆಯನ್ನು ಸಾರಿದರು. ಆದರೆ ದಂಡ ಕೊಟ್ಟು, ತಪ್ಪಿತಸ್ಥನಂತೆ ತಲೆತಗ್ಗಿಸಿ ಬರಬೇಕೆಂಬ ಷರತ್ತು. ಡಾಂಟೆಯು ಒಪ್ಪಲಿಲ್ಲ. ಅವನು ಮಡಿದ ಮೇಲೆ ಊರು ಅವನ ಎಲುಬುಗಳನ್ನಾದರೂ ಬೇಡಿತು. 1519ರ ಮನವಿಗೆ ಮೈಕೆಲೆಂಜೆಲೊ ಶಿಲ್ಪಿಯೇ ಸಹಿ ಮಾಡಿದ್ದನು. ರಾವೆನ್ನಾದ ಸನ್ಯಾಸಿಗಳು ಎಲುಬುಗಳನ್ನು ಬಚ್ಚಿಟ್ಟರು. 1865ರಲ್ಲಿ ಅವು ಸಿಕ್ಕಿದವು. ಫ್ಲಾರೆನ್ಸಿನಲ್ಲಿರುವದು ಇಂದಿಗೂ ಬರಿದಾದ ಸ್ಮಾರಕ ಗೋರಿ. 2008ರಲ್ಲಿ ಅಲ್ಲಿಯ ನಗರಸಭೆಯು 1302ರ ಶಿಕ್ಷೆಯನ್ನು ರದ್ದುಗೊಳಿಸುವ ಠರಾವನ್ನು ಮಾಡಿತು. ಆರೋಪಿಯು ಹಾಜರಿರಲಿಲ್ಲ.

ಆದರೂ ಪ್ರತಿವರ್ಷ ಸಪ್ಟೆಂಬರದಲ್ಲಿ ಫ್ಲಾರೆನ್ಸಿನವರು ರಾವೆನ್ನಾಕ್ಕೆ ಹೋಗಿ ಅವನ ಗೋರಿಯ ದೀಪಕ್ಕೆ ತಮ್ಮ ನೆಲದ ಎಣ್ಣೆಯನ್ನು ಕೊಟ್ಟುಬರುತ್ತಾರೆ. ಬೆಂಕಿಯಿಂದ ಸುಡುವೆನೆಂದ ಊರು ಈಗ ಅವನ ದೀಪಕ್ಕೆ ಎಣ್ಣೆಯನ್ನು ಹೊತ್ತು, ತಾನೇ ಎಳೆದ ಗಡಿಯನ್ನು ದಾಟಿ, ಅವನ ಬಳಿಗೆ ಹೋಗುತ್ತಿದೆ.